ಹಣ್ಣು-ಪಿಷ್ಟ ಸಹಸೇವನೆ ಮತ್ತು ರಕ್ತದ ಸಕ್ಕರೆ

ಹಣ್ಣು-ಪಿಷ್ಟ ಸಹಸೇವನೆ ಎಂದರೆ ಮುದ್ದೆ, ಅನ್ನ, ದೋಸೆ, ರೊಟ್ಟಿ ಮೊದಲಾದ ಪಿಷ್ಟಪ್ರಧಾನ ಆಹಾರದೊಡನೆ, ಅಥವಾ ಅದಕ್ಕೆ ಅರ್ಧ ಗಂಟೆ ಮುಂಚೆ, ಇಲ್ಲವೆ ಊಟ ಮುಗಿದ ಒಡನೆಯೇ ಹಣ್ಣನ್ನು ತಿನ್ನುವುದು. ಇಂಥ ಊಟವಾದ ಮೇಲಿನ ಎರಡು ಮೂರು ಗಂಟೆಗಳಲ್ಲಿ ರಕ್ತದೊಳಗಿನ ಗ್ಲೂಕೋಸು ಎಷ್ಟು ಏರುತ್ತದೆ, ಎಷ್ಟು ಬೇಗ ಏರುತ್ತದೆ, ಯಾವ ವೇಗದಲ್ಲಿ ಇಳಿಯುತ್ತದೆ ಎಂಬುದು ಹಣ್ಣಿನ ಜಾತಿಗಿಂತ ಹೆಚ್ಚಾಗಿ ಎರಡು ಸಂಗತಿಗಳನ್ನು ಅವಲಂಬಿಸಿರುತ್ತದೆ: ಹಣ್ಣು ಪಿಷ್ಟದ ಮೇಲೆ ಸೇರಿತೋ ಪಿಷ್ಟದ ಸ್ಥಾನವನ್ನು ಹಿಡಿಯಿತೋ ಎಂಬುದು ಒಂದು, ಅದು ಊಟದ ಮೊದಲು ಬಂದಿತೋ ಕಡೆಯಲ್ಲಿ ಬಂದಿತೋ ಎಂಬುದು ಇನ್ನೊಂದು. ಕರ್ನಾಟಕದಲ್ಲಿ ಈ ವಿಷಯವು ವಿಶೇಷವಾಗಿ ಅನ್ವಯಿಸುವ ಪ್ರದೇಶವೆಂದರೆ, ರಾಗಿಯನ್ನು ನಿತ್ಯಾಹಾರವಾಗಿಯೂ ಮಾವನ್ನು ಮುಖ್ಯ ತೋಟದ ಬೆಳೆಯಾಗಿಯೂ ಉಳ್ಳ ಕೋಲಾರ, ಮಾಲೂರು, ಮುಳಬಾಗಿಲು ಮತ್ತು ಶ್ರೀನಿವಾಸಪುರ ತಾಲ್ಲೂಕುಗಳ ಸೀಮೆ.

ಪದನಿರ್ಣಯ

ಪಿಷ್ಟವೆಂಬುದು ಗ್ಲೂಕೋಸಿನ ಅಣುಗಳು ಸರಪಣಿಯಂತೆ ಕೂಡಿ ಆದ ವಸ್ತು. ನೇರ ಸರಪಣಿಯ ಅಮೈಲೋಸ್, ಕವಲೊಡೆದ ಅಮೈಲೋಪೆಕ್ಟಿನ್ ಎಂದು ಅದರಲ್ಲಿ ಎರಡು ಬಗೆಗಳುಂಟು. ಕವಲೊಡೆದದ್ದು ಬೇಗ ಜೀರ್ಣವಾಗುತ್ತದೆ. ಊಟವಾದ ಬಳಿಕ ರಕ್ತದ ಗ್ಲೂಕೋಸಿನಲ್ಲಿ ಆಗುವ ಏರಿಳಿತಕ್ಕೆ ಭೋಜನೋತ್ತರ ಪ್ರತಿಕ್ರಿಯೆ ಎಂದು ಹೆಸರು. ಒಂದು ಆಹಾರದಲ್ಲಿರುವ 50 ಗ್ರಾಂ ಜೀರ್ಣಯೋಗ್ಯ ಕಾರ್ಬೋಹೈಡ್ರೇಟು ಎರಡು ಗಂಟೆಗಳಲ್ಲಿ ಉಂಟುಮಾಡುವ ಏರಿಕೆಯನ್ನು ಅಷ್ಟೇ ತೂಕದ ಶುದ್ಧ ಗ್ಲೂಕೋಸಿನ ಏರಿಕೆಯೊಡನೆ ಹೋಲಿಸಿ, ಗ್ಲೂಕೋಸಿನದನ್ನು 100 ಎಂದಿಟ್ಟುಕೊಂಡು ಪಡೆಯುವ ಸಂಖ್ಯೆ ಗ್ಲೈಸೆಮಿಕ್ ಸೂಚ್ಯಂಕ. 55 ಮತ್ತು ಅದಕ್ಕೆ ಕೆಳಗಿನದು ಅಲ್ಪ, 56ರಿಂದ 69 ಮಧ್ಯಮ, 70 ಮತ್ತು ಮೇಲಿನದು ಅಧಿಕ. ಸೂಚ್ಯಂಕವು ಆಹಾರದ ಗುಣವನ್ನು ಹೇಳುವುದೇ ಹೊರತು ತಟ್ಟೆಯಲ್ಲಿರುವ ಪ್ರಮಾಣವನ್ನು ಹೇಳದಾದುದರಿಂದ, ತಿಂದ ಕಾರ್ಬೋಹೈಡ್ರೇಟಿನ ಗ್ರಾಂಗಳನ್ನು ಸೂಚ್ಯಂಕದಿಂದ ಗುಣಿಸಿ ನೂರರಿಂದ ಭಾಗಿಸಿ ಬರುವ ಗ್ಲೈಸೆಮಿಕ್ ಹೊರೆ ಎಂಬ ಇನ್ನೊಂದು ಮಾನವನ್ನೂ ಬಳಸುತ್ತಾರೆ. ಕಲ್ಲಂಗಡಿ ಇದಕ್ಕೆ ಪ್ರಸಿದ್ಧ ನಿದರ್ಶನ: ಅದರ ಸೂಚ್ಯಂಕ ಅಧಿಕವೆಂದು ಎಣಿಕೆಯಾಗಿದ್ದರೂ ನೂರು ಗ್ರಾಂ ತಿರುಳಿನಲ್ಲಿ ಎಂಟು ಗ್ರಾಂನಷ್ಟೂ ಕಾರ್ಬೋಹೈಡ್ರೇಟು ಇಲ್ಲದ ಕಾರಣ ಒಂದು ಹೋಳಿನ ಹೊರೆ ಸ್ವಲ್ಪವೇ.

ಈ ಲೇಖನದಲ್ಲಿ ಊಟಕ್ಕೆ ಮುಂಚೆ ಹಣ್ಣು ತಿನ್ನುವುದನ್ನು ಪೂರ್ವಸೇವನೆ, ಊಟದೊಳಗೇ ಬೆರೆಸುವುದನ್ನು ಮಿಶ್ರಸೇವನೆ, ಕಡೆಯಲ್ಲಿ ತಿನ್ನುವುದನ್ನು ಅಂತ್ಯಸೇವನೆ ಎಂದು ಕರೆಯಲಾಗಿದೆ. ಪಿಷ್ಟವನ್ನು ಕಡಿಮೆ ಮಾಡದೆ ಹಣ್ಣು ತಿಂದರೆ ಅದು ಸೇರ್ಪಡೆ. ಹಣ್ಣಿನ ಲೆಕ್ಕಕ್ಕೆ ಸರಿಯಾಗಿ ಪಿಷ್ಟವನ್ನು ತಗ್ಗಿಸಿದರೆ ಅದು ಪರ್ಯಾಯ. ಹಣ್ಣು ಎಂಬ ಮಾತಿಗೂ ಎಲ್ಲೆ ಹಾಕಬೇಕಾಗುತ್ತದೆ. ಸಸ್ಯಶಾಸ್ತ್ರದ ಪ್ರಕಾರ ಟೊಮ್ಯಾಟೊ, ನಿಂಬೆ, ಹುಣಸೆ ಇವೂ ಹಣ್ಣುಗಳೇ ಆಗಿದ್ದು, ಅಡುಗೆಮನೆಯ ಲೆಕ್ಕದಲ್ಲಿ ಮಾತ್ರ ಬೇರೆ ಸಾಲಿಗೆ ಸೇರುತ್ತವೆ. ಇಲ್ಲಿ ಅವನ್ನು ಹುಳಿಹಣ್ಣು ಎಂದೂ ಮಾವು, ಬಾಳೆ, ಹಲಸು ಮೊದಲಾದುವನ್ನು ಸಿಹಿಹಣ್ಣು ಎಂದೂ ಹೇಳಿದೆ.

ವಿಚಾರದ ಮೂಲ

ಒಂದು ಆಹಾರ ಇನ್ನೊಂದರೊಡನೆ ಹೊಂದುವುದಿಲ್ಲವೆಂಬ ಭಾವನೆ ಪುರಾತನವಾದುದು. ಚರಕಸಂಹಿತೆಯ ಸೂತ್ರಸ್ಥಾನವು ವಿರುದ್ಧಾಹಾರಗಳನ್ನು ಎಣಿಸುವಾಗ ಹುಳಿಹಣ್ಣುಗಳನ್ನು ಹಾಲಿನೊಡನೆ ಸೇವಿಸಕೂಡದೆನ್ನುತ್ತದೆ. ಆ ನಿಷೇಧ ಹಾಲನ್ನು ಕುರಿತದ್ದು, ಧಾನ್ಯವನ್ನು ಕುರಿತದ್ದಲ್ಲ. ಹುಳಿಹಣ್ಣನ್ನು ಪಿಷ್ಟದೊಡನೆ ತಿನ್ನಬಾರದೆಂಬ ನಿಯಮವನ್ನು ಇಪ್ಪತ್ತನೆಯ ಶತಮಾನದ ಪೂರ್ವಾರ್ಧದಲ್ಲಿ ಪ್ರಚಾರಕ್ಕೆ ತಂದವನು ಅಮೆರಿಕದ ವೈದ್ಯ ವಿಲಿಯಂ ಹೋವರ್ಡ್ ಹೇ. ಊಟದೊಡನೆ ತಿಂದ ಹಣ್ಣು ಹೊಟ್ಟೆಯಲ್ಲಿ ಕೊಳೆಯುತ್ತದೆಂದು ಇಂದಿಗೂ ಕೇಳಿಬರುವ ಮಾತಿಗೆ ಶರೀರಶಾಸ್ತ್ರದ ಆಧಾರವಿಲ್ಲ: ಆರೋಗ್ಯವಂತ ಜಠರದ ಆಮ್ಲದಲ್ಲಿ ಕೊಳೆಯಿಸುವ ಸೂಕ್ಷ್ಮಜೀವಿಗಳು ಬೆಳೆಯಲಾರವು, ಮತ್ತು ಪಿಷ್ಟ, ಸಕ್ಕರೆ, ಸಸಾರಜನಕಗಳನ್ನು ಕರಗಿಸುವ ಕಿಣ್ವಗಳು ಸಣ್ಣಕರುಳಿನಲ್ಲಿ ಏಕಕಾಲದಲ್ಲಿಯೇ ಕೆಲಸಮಾಡುತ್ತವೆ.

ಪ್ರಯೋಗಾಧಾರಿತ ವಿಚಾರ ಈಚಿನದು. 1977ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲಿನಲ್ಲಿ ಹೀಟನ್ ಮತ್ತು ಅವರ ಸಂಗಡಿಗರು ಇಡೀ ಸೇಬು, ಸೇಬಿನ ಮುದ್ದೆ, ಸೇಬಿನ ರಸ ಈ ಮೂರನ್ನು ಹೋಲಿಸಿ, ನಾರು ಕಳೆದ ರಸವನ್ನು ಕುಡಿದಾಗ ಇನ್ಸುಲಿನ್ ಹೆಚ್ಚು ಸ್ರವಿಸಿ ಗ್ಲೂಕೋಸು ಆ ಬಳಿಕ ತೀರ ಕೆಳಗಿಳಿಯುವುದನ್ನು ತೋರಿಸಿದರು. 1981ರಲ್ಲಿ ಟೊರಾಂಟೊ ವಿಶ್ವವಿದ್ಯಾನಿಲಯದ ಡೇವಿಡ್ ಜೆಂಕಿನ್ಸ್, ಥಾಮಸ್ ವೋಲಿವರ್ ಮೊದಲಾದವರು ಗ್ಲೈಸೆಮಿಕ್ ಸೂಚ್ಯಂಕವನ್ನು ಪ್ರಕಟಿಸಿದರು. ಇನ್ಸುಲಿನ್ನು ಬೆಳಕಿಗೆ ಬಂದದ್ದೂ ಅದಕ್ಕೆ ಅರುವತ್ತು ವರ್ಷ ಮುಂಚೆ, 1921ರಲ್ಲಿ, ಅದೇ ವಿಶ್ವವಿದ್ಯಾನಿಲಯದಲ್ಲಿ. ಪಿಷ್ಟವನ್ನು ಶೀಘ್ರಜೀರ್ಣ, ಮಂದಜೀರ್ಣ, ಅಜೀರ್ಣಪಿಷ್ಟ ಎಂದು ವಿಂಗಡಿಸುವ ಕ್ರಮವನ್ನು 1992ರಲ್ಲಿ ಹಾನ್ಸ್ ಎಂಗ್ಲಿಸ್ಟ್ ತಂಡ ರೂಪಿಸಿತು.

ಕೋಲಾರ ಸೀಮೆಯ ಪಿಷ್ಟ

ಈ ಸೀಮೆಯ ಹಗಲೂಟಕ್ಕೆ ಆಧಾರ ರಾಗಿಮುದ್ದೆ. ಆಂಧ್ರದ ಗಡಿಗೆ ಹತ್ತಿದ ಊರುಗಳ ತೆಲುಗು ಮಾತಿನಲ್ಲಿ ಅದೇ ಸಂಗಟಿ. 2017ರ ಭಾರತೀಯ ಆಹಾರ ಸಂಯೋಜನಾ ಕೋಷ್ಟಕಗಳಂತೆ ನೂರು ಗ್ರಾಂ ರಾಗಿಯಲ್ಲಿ ಸುಮಾರು 67 ಗ್ರಾಂ ಕಾರ್ಬೋಹೈಡ್ರೇಟು, 11 ಗ್ರಾಂ ನಾರು, 7 ಗ್ರಾಂ ಸಸಾರಜನಕ, 364 ಮಿಲಿಗ್ರಾಂ ಕ್ಯಾಲ್ಸಿಯಂ ಇವೆ. ರಾಗಿಯ ಕೆಂಪು ಸಿಪ್ಪೆಯಲ್ಲಿರುವ ಪಾಲಿಫಿನಾಲುಗಳು ಪಿಷ್ಟವನ್ನು ಒಡೆಯುವ ಕಿಣ್ವಗಳನ್ನು ತಡೆಯಬಲ್ಲವೆಂಬುದು ಮೈಸೂರಿನ ಕೇಂದ್ರ ಆಹಾರ ತಾಂತ್ರಿಕ ಸಂಶೋಧನಾ ಸಂಸ್ಥೆಯ ಪ್ರಯೋಗಶಾಲೆಯಲ್ಲಿ ಕಂಡುಬಂದಿದೆ. ಇದರಿಂದ ರಾಗಿಯೆಂದರೆ ಸಕ್ಕರೆ ಕಾಯಿಲೆಯವರಿಗೆ ಎಷ್ಟು ತಿಂದರೂ ಬಾಧಕವಿಲ್ಲದ ಧಾನ್ಯವೆಂಬ ನಂಬಿಕೆ ಹಬ್ಬಿರುವುದಾದರೂ ಅದು ಅರ್ಧ ಸತ್ಯ. ಗಿರಣಿಯಲ್ಲಿ ನುಣ್ಣಗೆ ಬೀಸಿದ ಹಿಟ್ಟನ್ನು ಕುದಿಯುವ ನೀರಿನಲ್ಲಿ ತೊಳಸಿ ಬೇಯಿಸಿದಾಗ ಪಿಷ್ಟದ ಕಣಗಳು ನೀರು ಹೀರಿ ಉಬ್ಬಿ ಒಡೆದು, ಕಿಣ್ವಗಳಿಗೆ ಸುಲಭವಾಗಿ ತೆರೆದುಕೊಳ್ಳುತ್ತವೆ. ರಾಗಿಹಿಟ್ಟಿನ ಹಲವು ತಿನಿಸುಗಳ ಸೂಚ್ಯಂಕ ಮಧ್ಯಮ ಅಥವಾ ಅಧಿಕ ವರ್ಗಕ್ಕೇ ಬೀಳುತ್ತದೆ.

ಮುದ್ದೆಯನ್ನು ತಿನ್ನುವ ರೀತಿಯಲ್ಲಿಯೂ ಒಂದು ವಿಶೇಷವುಂಟು. ಬಿಸಿಮುದ್ದೆಯಿಂದ ಬೆರಳ ತುದಿಯಲ್ಲಿ ಚಿಕ್ಕ ತುಂಡನ್ನು ಮುರಿದು, ಬಸ್ಸಾರಿನಲ್ಲಿಯೋ ಮಸ್ಸೊಪ್ಪಿನಲ್ಲಿಯೋ ಹೊರಳಿಸಿ, ಅಗಿಯದೆ ನುಂಗುವುದು ವಾಡಿಕೆ. ಹೀಗಾಗಿ ಲಾಲಾರಸದ ಅಮೈಲೇಸ್ ಕಿಣ್ವಕ್ಕೆ ಅದರೊಡನೆ ಸಿಕ್ಕುವ ವೇಳೆ ಅತ್ಯಲ್ಪ. ಪಿಷ್ಟವನ್ನು ಒಡೆಯುವ ಹೊಣೆಯೆಲ್ಲ ಬಹುಮಟ್ಟಿಗೆ ಮೇದೋಜೀರಕಗ್ರಂಥಿಯ ರಸದ ಮೇಲೆ ಬೀಳುತ್ತದೆ. ಸಾರಿನ ಹುಣಸೆ ಅಥವಾ ಟೊಮ್ಯಾಟೊ, ಜೊತೆಗಿರುವ ಅವರೆಕಾಳು, ಸೊಪ್ಪು ಇವೆಲ್ಲ ಆ ತುತ್ತಿನೊಡನೆಯೇ ಒಳಗೆ ಹೋಗುವುದರಿಂದ ಮುದ್ದೆಯೂಟವೆಂಬುದು ಮೊದಲಿನಿಂದಲೇ ಹುಳಿಹಣ್ಣಿನೊಡನೆ ಪಿಷ್ಟವನ್ನು ಕೂಡಿಸಿದ ಊಟ. ಕೋಲಾರದ ಕೃಷಿ ಮಾರುಕಟ್ಟೆ ದೇಶದ ದೊಡ್ಡ ಟೊಮ್ಯಾಟೊ ಮಾರುಕಟ್ಟೆಗಳಲ್ಲೊಂದು ಎಂಬುದನ್ನು ಇಲ್ಲಿ ನೆನೆಯಬಹುದು.

ಇತರ ಪಿಷ್ಟಗಳಲ್ಲಿ ಅನ್ನ ಮುಖ್ಯವಾದುದು. ಬೆಂದ ನೂರು ಗ್ರಾಂ ಅನ್ನದಲ್ಲಿ ಸುಮಾರು 28 ಗ್ರಾಂ ಕಾರ್ಬೋಹೈಡ್ರೇಟು. ಮುಳಬಾಗಿಲಿನ ಹೆಸರಿನಲ್ಲಿ ಪ್ರಸಿದ್ಧವಾದ ದಪ್ಪ ದೋಸೆಯು ಹುದುಗಿದ ಹಿಟ್ಟಿನಿಂದಾದದ್ದು, ಮೇಲಾಗಿ ತುಪ್ಪದಲ್ಲಿ ಬೆಂದದ್ದು. ಹುದುಗಿನ ಆಮ್ಲವೂ ತುಪ್ಪವೂ ಜಠರದಿಂದ ಆಹಾರ ಇಳಿಯುವುದನ್ನು ನಿಧಾನಗೊಳಿಸುತ್ತವೆ. ಜೊತೆಗಿಡುವ ಆಲೂಗಡ್ಡೆ ಪಲ್ಯ ಮಾತ್ರ ಪಿಷ್ಟದ ಮೇಲೆ ಪಿಷ್ಟ.

ಈ ಸೀಮೆಯ ಹಣ್ಣು

ಶ್ರೀನಿವಾಸಪುರವು ಮಾವಿನ ಪೇಟೆ. ಕೊಂಕಣದ ಮಾವು ಮುಗಿಯುತ್ತಾ ಬರುವ ಹೊತ್ತಿಗೆ, ಮೇ ತಿಂಗಳಿನಿಂದ ಜುಲೈವರೆಗೆ, ಇಲ್ಲಿಯ ಮಂಡಿಗಳಲ್ಲಿ ಬಾದಾಮಿ, ರಸಪುರಿ, ಸೇಂದೂರ, ಮಲ್ಲಿಕಾ, ಬೇನಿಷಾ, ನೀಲಂ, ತೋತಾಪುರಿ ತಳಿಗಳು ಒಂದರ ಹಿಂದೊಂದು ಬರುತ್ತವೆ. ಅವುಗಳಲ್ಲಿ ಗಿಣಿಮೂತಿಯೆಂದು ಕರೆಯುವ ತೋತಾಪುರಿಯದು ದೊಡ್ಡ ಪಾಲು. ಬಾದಾಮಿಗಿಂತ ಅದರಲ್ಲಿ ಸಕ್ಕರೆ ಕಡಿಮೆ. ಕಾಯಾಗಿದ್ದಾಗ ಅದನ್ನು ಸೀಳಿ ಉಪ್ಪು-ಖಾರ ಸವರಿ ತಿನ್ನುತ್ತಾರೆ; ಹಣ್ಣಾದ ಮೇಲೆ ಬಹುಭಾಗ ತಿರುಳು ತೆಗೆಯುವ ಕಾರ್ಖಾನೆಗಳಿಗೆ ಹೋಗುತ್ತದೆ. ತಾಲ್ಲೂಕಿನ ಹೊಗಳಗೆರೆಯಲ್ಲಿ ಮಾವು ಅಭಿವೃದ್ಧಿ ಕೇಂದ್ರವೂ, ಕೋಲಾರದ ಟಮಕದಲ್ಲಿ ಬಾಗಲಕೋಟೆಯ ತೋಟಗಾರಿಕಾ ವಿಜ್ಞಾನಗಳ ವಿಶ್ವವಿದ್ಯಾನಿಲಯಕ್ಕೆ ಸೇರಿದ ಕಾಲೇಜೂ ಇವೆ.

ಕಾಯಿಮಾವಿನಲ್ಲಿ ಪಿಷ್ಟವೂ ಸಿಟ್ರಿಕ್, ಮ್ಯಾಲಿಕ್ ಆಮ್ಲಗಳೂ ಹೆಚ್ಚು. ಮಾಗುತ್ತ ಮಾಗುತ್ತ ಪಿಷ್ಟವು ಸಕ್ಕರೆಯಾಗಿ ಆಮ್ಲ ಕ್ಷೀಣಿಸುತ್ತದೆ. ಮಾಗಿದ ನೂರು ಗ್ರಾಂ ತಿರುಳಿನಲ್ಲಿ ಸುಮಾರು 15 ಗ್ರಾಂ ಕಾರ್ಬೋಹೈಡ್ರೇಟು. ಅದರಲ್ಲಿ ಸುಕ್ರೋಸ್ ಏಳು, ಫ್ರಕ್ಟೋಸ್ ನಾಲ್ಕೂವರೆಯಿಂದ ಐದು, ಬಿಡಿ ಗ್ಲೂಕೋಸ್ ಎರಡು ಗ್ರಾಂ. ಮಾವಿನ ಸೂಚ್ಯಂಕ ಸರಾಸರಿ 51ರ ಸುತ್ತಮುತ್ತ ಇದ್ದು, ಅಲ್ಪವರ್ಗದ ಮೇಲಂಚಿನಲ್ಲಿ ನಿಲ್ಲುತ್ತದೆ. ಸೀಬೆಯಲ್ಲಿ ನಾರು ನೂರಕ್ಕೆ ಐದು ಗ್ರಾಂ ಮೀರುವುದರಿಂದ ಪಿಷ್ಟದ ಜೊತೆಗೆ ಅದು ಮಾವಿಗಿಂತ ಸೌಮ್ಯ. ಹಲಸು, ಸೀತಾಫಲ, ಬಾಳೆ ಇವು ನೂರಕ್ಕೆ ಸುಮಾರು 23 ಗ್ರಾಂ ಕಾರ್ಬೋಹೈಡ್ರೇಟಿನ ಗುಂಪಿನವು. ನೇರಳೆಯ ಬೀಜದ ಪುಡಿ ಸಕ್ಕರೆ ಕಾಯಿಲೆಗೆ ಮನೆಮದ್ದಾಗಿ ಬಳಕೆಯಲ್ಲಿದೆ. ಅದು ಔಷಧಿಗೆ ಬದಲಾಗಲಾರದು.

ಕ್ರಿಯಾವಿಧಾನ

ಪಿಷ್ಟವು ಅಮೈಲೇಸಿನಿಂದ ಮಾಲ್ಟೋಸಾಗಿ, ಕರುಳಿನ ಒಳಪೊರೆಯ ಕಿಣ್ವಗಳಿಂದ ಗ್ಲೂಕೋಸಾಗಿ ಒಡೆದು, ರಕ್ತದಲ್ಲಿ ಕಡೆಗೆ ಪೂರ್ತಿ ಗ್ಲೂಕೋಸಿನ ರೂಪದಲ್ಲಿಯೇ ಸೇರುತ್ತದೆ. ಹಣ್ಣಿನ ಸಕ್ಕರೆಯ ಕಥೆ ಹಾಗಲ್ಲ. ಸುಕ್ರೋಸ್ ಒಡೆದಾಗ ಅರ್ಧ ಗ್ಲೂಕೋಸ್, ಅರ್ಧ ಫ್ರಕ್ಟೋಸ್. ಮಾವಿನಲ್ಲಿ ಬಿಡಿ ಫ್ರಕ್ಟೋಸೂ ಸೇರಿ ಒಟ್ಟು ಸಕ್ಕರೆಯ ಅರ್ಧಕ್ಕಿಂತ ಹೆಚ್ಚು ಭಾಗ ಫ್ರಕ್ಟೋಸೇ ಆಗುತ್ತದೆ. ಅದು ಬೇರೊಂದು ವಾಹಕದ ಮೂಲಕ ಕರುಳಿನಿಂದ ಒಳಹೊಕ್ಕು, ಬಹುಪಾಲು ಯಕೃತ್ತಿನಲ್ಲಿಯೇ ವಿನಿಯೋಗವಾಗುವುದರಿಂದ ರಕ್ತದ ಗ್ಲೂಕೋಸನ್ನು ಸ್ವಲ್ಪವೇ ಏರಿಸುತ್ತದೆ.

ಅಷ್ಟೇ ಅಲ್ಲ. ಅಲ್ಪ ಪ್ರಮಾಣದ ಫ್ರಕ್ಟೋಸು ಯಕೃತ್ತಿನ ಕೋಶಗಳಲ್ಲಿ ಗ್ಲುಕೋಕೈನೇಸ್ ಎಂಬ ಕಿಣ್ವವನ್ನು ಅದರ ನಿಯಂತ್ರಕ ಪ್ರೋಟೀನಿನ ಹಿಡಿತದಿಂದ ಬಿಡಿಸಿ, ಹರಿದುಬರುತ್ತಿರುವ ಗ್ಲೂಕೋಸನ್ನು ಗ್ಲೈಕೋಜನ್ನಾಗಿ ಶೇಖರಿಸಲು ಯಕೃತ್ತನ್ನು ಸಿದ್ಧಗೊಳಿಸುತ್ತದೆ. ಅಮೆರಿಕದ ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾನಿಲಯದಲ್ಲಿ 2000 ಮತ್ತು 2001ರಲ್ಲಿ ನಡೆದ ಪ್ರಯೋಗಗಳಲ್ಲಿ 75 ಗ್ರಾಂ ಗ್ಲೂಕೋಸಿನ ಮೇಲೆ ಇನ್ನೂ ಏಳೂವರೆ ಗ್ರಾಂ ಫ್ರಕ್ಟೋಸನ್ನು ಕೂಡಿಸಿ ಕೊಟ್ಟಾಗ ರಕ್ತದ ಗ್ಲೂಕೋಸು ಏರುವ ಬದಲು ತಗ್ಗಿತು. ಆರೋಗ್ಯವಂತರಲ್ಲಿಯೂ ಎರಡನೆಯ ಬಗೆಯ ಮಧುಮೇಹಿಗಳಲ್ಲಿಯೂ ಫಲ ಒಂದೇ ಆಗಿತ್ತು. ಏಳೂವರೆ ಗ್ರಾಂ ಫ್ರಕ್ಟೋಸೆಂದರೆ ಮಾವಿನ ಲೆಕ್ಕದಲ್ಲಿ ನೂರು ಗ್ರಾಂಗೂ ಕಡಿಮೆ ತಿರುಳು. ಪ್ರಮಾಣ ಮೀರಿದರೆ ಅದೇ ಫ್ರಕ್ಟೋಸು ಯಕೃತ್ತಿನಲ್ಲಿ ಕೊಬ್ಬಾಗಿ ಮಾರ್ಪಟ್ಟು ಟ್ರೈಗ್ಲಿಸರೈಡುಗಳನ್ನು ಹೆಚ್ಚಿಸುತ್ತದೆ.

ಉಳಿದ ಎರಡು ಕಾರಣಗಳು ನಾರು ಮತ್ತು ಆಮ್ಲ. ಹಣ್ಣಿನ ಪೆಕ್ಟಿನ್ ಜಠರದ ದ್ರವವನ್ನು ಮಂದಗೊಳಿಸಿ, ಕಿಣ್ವಕ್ಕೂ ಪಿಷ್ಟಕ್ಕೂ ನಡುವೆ ತೆರೆಯಂತೆ ನಿಲ್ಲುತ್ತದೆ. ಆಮ್ಲವಾದರೋ ಲಾಲಾರಸದ ಅಮೈಲೇಸನ್ನೇ ನಿಷ್ಕ್ರಿಯಗೊಳಿಸುತ್ತದೆ: ತಟಸ್ಥಪ್ರಾಯ ದ್ರವದಲ್ಲಿ ಚುರುಕಾಗಿರುವ ಈ ಕಿಣ್ವವು ಆಮ್ಲತೆ ಏರಿದೊಡನೆ ಕೆಲಸ ನಿಲ್ಲಿಸುತ್ತದೆ. ಫ್ರಾನ್ಸಿನ ಸಂಶೋಧಕರು 2021ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಬ್ರೆಡ್ಡಿನೊಡನೆ ನಿಂಬೆರಸ ಕುಡಿದವರ ಗ್ಲೂಕೋಸಿನ ಶಿಖರವು ನೀರು ಕುಡಿದಾಗಿನದಕ್ಕಿಂತ ಸರಾಸರಿ ಶೇಕಡ 30ರಷ್ಟು ತಗ್ಗಿ, ತಡವಾಗಿ ಕಾಣಿಸಿಕೊಂಡಿತು. ಚೆನ್ನಾಗಿ ಅಗಿದು ತಿನ್ನುವ ನಿಂಬೆಹಣ್ಣಿನ ಅಥವಾ ಮಾವಿನಕಾಯಿಯ ಚಿತ್ರಾನ್ನಕ್ಕೆ ಈ ನಿಯಮ ಒಪ್ಪುತ್ತದೆ. ಅಗಿಯದೆ ನುಂಗುವ ಮುದ್ದೆಗೆ ಅಷ್ಟಾಗಿ ಒಪ್ಪದು.

ಸಹಸೇವನೆಯ ಬಗೆಗಳು

ಮಿಶ್ರಸೇವನೆಗೆ ಕನ್ನಡ ಅಡುಗೆಯಲ್ಲಿ ನಿದರ್ಶನಗಳು ಹೇರಳ: ಹೋಳಿಗೆಯೊಡನೆ ಮಾವಿನ ಸೀಕರಣೆ, ಅವಲಕ್ಕಿಯೊಡನೆ ಬಾಳೆಹಣ್ಣಿನ ರಸಾಯನ, ದಾಳಿಂಬೆ ಬಿಡಿಸಿ ಹಾಕಿದ ಮೊಸರನ್ನ. ಸೀಕರಣೆಯಲ್ಲಿ ಮಾವು ಕಿವುಚಲ್ಪಟ್ಟು ಬೆಲ್ಲವೋ ಸಕ್ಕರೆಯೋ ಸೇರುವುದರಿಂದಲೂ, ಹೋಳಿಗೆಯ ಹೂರಣದಲ್ಲಿ ಬೆಲ್ಲ ಮೊದಲೇ ಇರುವುದರಿಂದಲೂ, ಗ್ಲೈಸೆಮಿಕ್ ಹೊರೆಯ ದೃಷ್ಟಿಯಿಂದ ಅದಕ್ಕಿಂತ ಭಾರವಾದ ಜೋಡಿ ಈ ಸೀಮೆಯಲ್ಲಿ ದೊರೆಯುವುದು ಕಷ್ಟ.

ಪೂರ್ವಸೇವನೆಯ ಪರಿಣಾಮ ಹೆಚ್ಚು ಅನುಕೂಲಕರ. ಬೀಜಿಂಗಿನ ಚೀನಾ ಕೃಷಿ ವಿಶ್ವವಿದ್ಯಾನಿಲಯದ 2019ರ ಪ್ರಯೋಗದಲ್ಲಿ, ಒಟ್ಟು ಕಾರ್ಬೋಹೈಡ್ರೇಟು ಸಮನಾಗಿರುವಂತೆ ಅನ್ನವನ್ನು ತಗ್ಗಿಸಿ, ಊಟಕ್ಕೆ ಅರ್ಧ ಗಂಟೆ ಮೊದಲು ಸೇಬನ್ನು ತಿಂದವರಲ್ಲಿ ಗ್ಲೂಕೋಸಿನ ಶಿಖರ ಸ್ಪಷ್ಟವಾಗಿ ತಗ್ಗಿತು. ನ್ಯೂಜಿಲೆಂಡಿನಲ್ಲಿ ಜಾನ್ ಮನ್ರೊ, ಸುಮನ್ ಮಿಶ್ರಾ ಮೊದಲಾದವರು ಕಿವಿಹಣ್ಣನ್ನೂ ಗೋಧಿಯ ತಿನಿಸನ್ನೂ ಕೂಡಿಸಿ ನಡೆಸಿದ ಪ್ರಯೋಗಗಳೂ ಇದೇ ದಿಕ್ಕನ್ನು ತೋರಿಸಿವೆ. ಅರ್ಧ ಗಂಟೆಯ ಈ ಅಂತರದಲ್ಲಿ ಹಣ್ಣಿನ ಅಲ್ಪ ಸಕ್ಕರೆಗೆ ಇನ್ಸುಲಿನ್ ಆಗಲೇ ಸ್ರವಿಸತೊಡಗಿ, ಪಿಷ್ಟ ಬರುವ ವೇಳೆಗೆ ದೇಹ ಎದುರುಗೊಳ್ಳಲು ಅಣಿಯಾಗಿರುತ್ತದೆ.

ಅಂತ್ಯಸೇವನೆ ನಮ್ಮ ಸಾಮಾನ್ಯ ರೂಢಿ. ಹೊಟ್ಟೆ ತುಂಬ ಉಂಡ ಮೇಲೆ ತಿನ್ನುವ ಹಣ್ಣು ಬಹುಮಟ್ಟಿಗೆ ಸೇರ್ಪಡೆಯೇ ಆಗುತ್ತದೆ. ದೋಷ ಹಣ್ಣಿನದಲ್ಲ, ಕಡಿಮೆಯಾಗದ ಮುದ್ದೆಯದು.

ಒಂದು ಲೆಕ್ಕ

ಸೇರ್ಪಡೆಗೂ ಪರ್ಯಾಯಕ್ಕೂ ಇರುವ ಅಂತರವನ್ನು ಒಂದು ಮಧ್ಯಾಹ್ನದ ತಟ್ಟೆಯಲ್ಲಿ ಕಾಣಬಹುದು. ನೂರು ಗ್ರಾಂ ಹಿಟ್ಟಿನ ಮುದ್ದೆಯೊಂದರಲ್ಲಿ ಸುಮಾರು 67 ಗ್ರಾಂ ಕಾರ್ಬೋಹೈಡ್ರೇಟು ಇರುತ್ತದಷ್ಟೆ. ಅದನ್ನು ಪೂರ್ತಿ ಉಂಡು, ಮೇಲೆ ಬಾದಾಮಿ ಮಾವಿನ 150 ಗ್ರಾಂ ತಿರುಳನ್ನು ತಿಂದರೆ ಒಟ್ಟು 89 ಗ್ರಾಂ ಆಗುತ್ತದೆ. ಮುದ್ದೆಯ ಮೂರನೆಯ ಒಂದು ಭಾಗವನ್ನು ಮುರಿದು ಬದಿಗಿಟ್ಟು ಅಷ್ಟೇ ಮಾವನ್ನು ತಿಂದರೆ ಮೊತ್ತ ಮತ್ತೆ 67 ಗ್ರಾಂಗೇ ನಿಲ್ಲುತ್ತದೆ. ಗಮನಿಸತಕ್ಕ ಅಂಶ ಮುಂದಿದೆ: ಬದಿಗಿಟ್ಟ ಮುದ್ದೆಯ 22 ಗ್ರಾಂ ಪಿಷ್ಟವು ಪೂರ್ತಿ ಗ್ಲೂಕೋಸಾಗಿ ರಕ್ತಕ್ಕೆ ಸೇರತಕ್ಕದ್ದಾಗಿತ್ತು, ಅದರ ಸ್ಥಾನಕ್ಕೆ ಬಂದ ಮಾವಿನ ಸಕ್ಕರೆಯಲ್ಲಿ ಗ್ಲೂಕೋಸ್ ಎಂಟು ಗ್ರಾಂ ಮಾತ್ರ, ಸುಮಾರು ಹನ್ನೆರಡು ಗ್ರಾಂ ಫ್ರಕ್ಟೋಸ್. ಮೊತ್ತ ಸಮನಾಗಿದ್ದರೂ ರಕ್ತದ ಗ್ಲೂಕೋಸಿನ ಮೇಲಣ ಭಾರ ಹಗುರವಾಗುವುದು ಈ ಕಾರಣದಿಂದ.

ಭಾರತದಲ್ಲಿ 2025ರಲ್ಲಿ ಪ್ರಕಟವಾದ ದೆಹಲಿಯ ಒಂದು ಪ್ರಯೋಗವು ಇದೇ ತತ್ತ್ವವನ್ನು ರೋಗಿಗಳಲ್ಲಿ ಪರೀಕ್ಷಿಸಿತು. ಎರಡನೆಯ ಬಗೆಯ ಮಧುಮೇಹಿಗಳು ಎಂಟು ವಾರ ಬೆಳಗಿನ ಬ್ರೆಡ್ಡಿಗೆ ಬದಲಾಗಿ 250 ಗ್ರಾಂ ಮಾವನ್ನು ತಿಂದಾಗ, ಬ್ರೆಡ್ಡನ್ನೇ ತಿಂದವರಿಗಿಂತ ಅವರ ಸಕ್ಕರೆಯ ಮಾನಗಳು ಉತ್ತಮಗೊಂಡವು. ಮಾವು ಅಲ್ಲಿ ಪರ್ಯಾಯವಾಗಿತ್ತು, ಸೇರ್ಪಡೆಯಾಗಿರಲಿಲ್ಲ. ಪತ್ರಿಕೆಗಳ ಶೀರ್ಷಿಕೆಗಳಲ್ಲಿ ಬಿಟ್ಟುಹೋಗುವ ವಾಕ್ಯವೆಂದರೆ ಇದೇ.

ವೈದ್ಯೋಪಯೋಗ

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯು 2024ರಲ್ಲಿ ಪರಿಷ್ಕರಿಸಿದ ಆಹಾರಸೂತ್ರಗಳಲ್ಲಿ ದಿನಕ್ಕೆ 100 ಗ್ರಾಂ ಹಣ್ಣು, 400 ಗ್ರಾಂ ತರಕಾರಿ ಎಂದು ಮಾದರಿ ತಟ್ಟೆಗೆ ಪ್ರಮಾಣ ಹೇಳಿದೆ. ಮಧುಮೇಹಿಗಳ ವಿಷಯದಲ್ಲಿ ಆಹಾರತಜ್ಞರು ಇಡೀ ಹಣ್ಣನ್ನು ಒಪ್ಪಿ, ರಸವನ್ನು ಬಿಡಿಸುತ್ತಾರೆ. ತಿರುಳಿಗೆ ನೀರು, ಸಕ್ಕರೆ ಕೂಡಿಸಿ ಶೀಷೆಯಲ್ಲಿ ಮಾರುವ ಮಾವಿನ ಪಾನೀಯವನ್ನು ಈ ಲೇಖನದ ಅರ್ಥದಲ್ಲಿ ಹಣ್ಣೆನ್ನಲಾಗದು. ಇನ್ಸುಲಿನ್ ಅಥವಾ ಸಲ್ಫೋನೈಲ್‌ಯೂರಿಯಾ ವರ್ಗದ ಮಾತ್ರೆಗಳನ್ನು ತೆಗೆದುಕೊಳ್ಳುವವರು ಮುದ್ದೆಯನ್ನು ಥಟ್ಟನೆ ತಗ್ಗಿಸಿದರೆ ಸಕ್ಕರೆ ಅಪಾಯಕರವಾಗಿ ಇಳಿಯಬಹುದಾದುದರಿಂದ ಅಂಥ ಮಾರ್ಪಾಡನ್ನು ವೈದ್ಯರಿಗೆ ತಿಳಿಸಿಯೇ ಮಾಡತಕ್ಕದ್ದು. ಮೂತ್ರಪಿಂಡದ ಕಾಯಿಲೆಯವರಿಗೆ ಹಣ್ಣಿನ ಪೊಟ್ಯಾಸಿಯಮ್ಮೂ ಎಣಿಕೆಗೆ ಬರುತ್ತದೆ.

ಇಂದಿನ ಸ್ಥಿತಿ

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಇಂಡಿಯಾಬ್ ಸಮೀಕ್ಷೆ 2023ರಲ್ಲಿ ದೇಶದ ವಯಸ್ಕರಲ್ಲಿ ಶೇಕಡ 11.4 ಮಂದಿ, ಎಂದರೆ ಸುಮಾರು 10.1 ಕೋಟಿ ಜನ, ಮಧುಮೇಹಿಗಳೆಂದೂ, ಶೇಕಡ 15.3 ಮಂದಿ ಪೂರ್ವಮಧುಮೇಹದ ಸ್ಥಿತಿಯಲ್ಲಿರುವರೆಂದೂ ಅಂದಾಜಿಸಿತು. ಮನೆಬಾಗಿಲಿಗೇ ಹೋಗಿ ಸಕ್ಕರೆ ಮತ್ತು ರಕ್ತದೊತ್ತಡವನ್ನು ತಪಾಸಣೆಮಾಡುವ ಕರ್ನಾಟಕ ಸರ್ಕಾರದ ಗೃಹ ಆರೋಗ್ಯ ಯೋಜನೆಯು 2024ರ ಅಕ್ಟೋಬರಿನಲ್ಲಿ ಪ್ರಾಯೋಗಿಕವಾಗಿ ಆರಂಭವಾದದ್ದು ಕೋಲಾರ ಜಿಲ್ಲೆಯಲ್ಲಿ. ಬೆರಳಿಗೆ ಸೂಜಿ ಚುಚ್ಚಿ ನೋಡುವ ಗ್ಲುಕೋಮೀಟರು ಈಗ ಹಳ್ಳಿಯ ಔಷಧದಂಗಡಿಯಲ್ಲಿಯೂ ಸಿಕ್ಕುತ್ತದೆ; ಊಟ ಆರಂಭಿಸಿದ ಎರಡು ಗಂಟೆಗೆ ಒಮ್ಮೆ, ಮಾವು ತಿಂದ ದಿನವೂ ತಿನ್ನದ ದಿನವೂ ನೋಡಿಕೊಂಡವನಿಗೆ ತನ್ನ ದೇಹದ ಪ್ರತಿಕ್ರಿಯೆ ಸೂಚ್ಯಂಕದ ಯಾವ ಕೋಷ್ಟಕಕ್ಕಿಂತಲೂ ಚೆನ್ನಾಗಿ ತಿಳಿಯುತ್ತದೆ.

ದೀರ್ಘಕಾಲದ ಲೆಕ್ಕಕ್ಕೆ ಇರುವುದು ಎಚ್‌ಬಿಎ1ಸಿ ಪರೀಕ್ಷೆ. ಅದು ಹಿಂದಿನ ಎರಡು ಮೂರು ತಿಂಗಳ ಸರಾಸರಿಯನ್ನು ತೋರಿಸುವುದರಿಂದ, ಈ ಸೀಮೆಯಲ್ಲಿ ಆಗಸ್ಟ್ ತಿಂಗಳಲ್ಲಿ ಮಾಡಿಸಿದ ಪರೀಕ್ಷೆಯ ಅಂಕಿಯಲ್ಲಿ ಮುಗಿದ ಮಾವಿನ ಸುಗ್ಗಿಯ ಊಟವೆಲ್ಲ ಸೇರಿರುತ್ತದೆ.